ಕೊರ್ಟಿನಾದ ಬಾಬ್‌ಸ್ಲೇ ಟ್ರ್ಯಾಕ್: ಕಟ್ಟಬೇಕೇ, ಬೇಡವೇ ಎಂಬ ಪ್ರಶ್ನೆಯ ಪ್ರಕರಣ ಅಧ್ಯಯನ

2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ನಡೆಯಿತು. ಇಟಲಿಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಜೊವಾನಿ ಮಲಗೋ ಅಲ್ಲಿ ಒಂದು ಕಹಿ ಸುದ್ದಿ ತಿಳಿಸಿದರು. 2026ರ ಚಳಿಗಾಲದ ಒಲಿಂಪಿಕ್ಸ್ ಇಟಲಿಯದೇ ಆದರೂ ಮಂಜುಗಡ್ಡೆಯ ಟ್ರ್ಯಾಕ್ ಮೇಲೆ ಜಾರಿ ಇಳಿಯುವ ಬಾಬ್‌ಸ್ಲೇ (ಬಂಡಿಯಲ್ಲಿ ಕುಳಿತು), ಲ್ಯೂಜ್ (ಬೆನ್ನ ಮೇಲೆ ಮಲಗಿ) ಮತ್ತು ಸ್ಕೆಲಿಟನ್ (ತಲೆ ಮುಂದಾಗಿ ಬೋರಲು ಮಲಗಿ) ಸ್ಪರ್ಧೆಗಳು ಇಟಲಿಯ ನೆಲದಲ್ಲಿ ನಡೆಯುವುದಿಲ್ಲ, ಅವುಗಳಿಗೆ ಹೊರದೇಶದ ಟ್ರ್ಯಾಕ್ ನೋಡಿಕೊಳ್ಳಬೇಕಾಗಿದೆ ಎಂದರು. ಟ್ರ್ಯಾಕ್ ಕಟ್ಟಲು ಕರೆದಿದ್ದ ಟೆಂಡರ್‌ಗೆ ಒಬ್ಬರೂ ಅರ್ಜಿ ಹಾಕಿರಲಿಲ್ಲ.

ಇದಾಗಿ ಹದಿನೇಳು ತಿಂಗಳಿಗೆ, 2025ರ ಮಾರ್ಚ್ ಕೊನೆಯ ವಾರ, ಆಲ್ಪ್ಸ್ ಮಡಿಲಿನ ಕೊರ್ಟಿನಾ ದಾಂಪೆಝೊ ಊರಿನ ಹೊಸ ಟ್ರ್ಯಾಕ್ ಮೇಲೆ ಮೊದಲ ಬಂಡಿಗಳು ಜಾರಿ ಇಳಿದವು.

ಆಗುವುದಿಲ್ಲ ಎಂದು ಕೈಬಿಟ್ಟಿದ್ದು ಹೇಗೆ ಆಯಿತು, ಆಗಬೇಕಿತ್ತೇ ಎಂಬುದು ಈ ಬರಹದ ವಿಷಯ. ಬಾಬ್‌ಸ್ಲೇ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಂಡಿಯ ವೇಗ, ಚಾಲಕರ ಧೈರ್ಯ, ನೂರರಲ್ಲೊಂದು ಸೆಕೆಂಡಿನ ಗೆಲುವುಗಳ ಬಗ್ಗೆ ಬರೆಯುತ್ತಾರೆ. ಅವೆಲ್ಲ ನನಗೂ ಪ್ರಿಯವೇ. ಆದರೆ ಈ ಕ್ರೀಡೆಯ ಹಿಂದನ್ನೂ ಮುಂದನ್ನೂ ನಿರ್ಧರಿಸುವುದು ಟ್ರ್ಯಾಕ್. ಅದನ್ನು ಯಾರು ಕಟ್ಟುತ್ತಾರೆ, ಸ್ಪರ್ಧೆ ಮುಗಿದು ಕ್ಯಾಮೆರಾಗಳು ಹೊರಟುಹೋದ ಮೇಲೆ ಯಾರು ಸಾಕುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಕೊರ್ಟಿನಾದ ಪ್ರಕರಣದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ.

ಒಂದು ಓಟ, ಹತ್ತಿರದಿಂದ

ಆಟ ಗೊತ್ತಿಲ್ಲದವರಿಗೆ ಟ್ರ್ಯಾಕ್ ಏಕೆ ಇಷ್ಟು ದುಬಾರಿ ಎಂಬುದು ಅರ್ಥವಾಗುವುದಿಲ್ಲ. ಹಾಗಾಗಿ ಮೊದಲು ಒಂದು ಓಟವನ್ನು ನೋಡೋಣ.

ನಾಲ್ವರ ಬಂಡಿ. ಜನ ಮತ್ತು ಬಂಡಿ ಸೇರಿ 630 ಕಿಲೋ ಮೀರುವಂತಿಲ್ಲ. ಓಟಕ್ಕೆ ಮೊದಲು ಅಧಿಕಾರಿಯೊಬ್ಬರು ಬಂಡಿಯ ಕೆಳಗಿನ ಉಕ್ಕಿನ ರನ್ನರ್‌ಗಳ, ಅಂದರೆ ಜಾರುವ ಪಟ್ಟಿಗಳ, ಉಷ್ಣಾಂಶ ಅಳೆಯುತ್ತಾರೆ. ಹೊರಗಿನ ಚಳಿಯಲ್ಲಿ ತೂಗುಹಾಕಿದ ಮಾದರಿ ರನ್ನರ್‌ಗಿಂತ ಅದು 4 ಡಿಗ್ರಿಗಿಂತ ಹೆಚ್ಚು ಬೆಚ್ಚಗಿದ್ದರೆ ಆ ತಂಡ ಸ್ಪರ್ಧೆಯಿಂದ ಹೊರಗೆ. ಬಿಸಿ ಉಕ್ಕು ಮಂಜುಗಡ್ಡೆಯ ಮೇಲೆ ಸಲೀಸಾಗಿ ಜಾರುತ್ತದೆ, ಅದಕ್ಕೇ ಈ ಕಟ್ಟುನಿಟ್ಟು. ಪರೀಕ್ಷೆ ಮುಗಿದ ಕೂಡಲೇ ನಾಲ್ವರೂ ಬಂಡಿಯನ್ನು ತಳ್ಳುತ್ತಾ ಓಡುತ್ತಾರೆ. ಮೊದಲ 50 ಮೀಟರ್ ಐದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ಮೊದಲು ಚಾಲಕ ಒಳಗೆ ಹಾರುತ್ತಾನೆ, ಹಿಂದೆಯೇ ಉಳಿದವರು, ಕಟ್ಟಕಡೆಗೆ ಬ್ರೇಕ್‌ಮ್ಯಾನ್. ಚಾಲಕನ ಕೈಯಲ್ಲಿ ಸ್ಟೀರಿಂಗ್ ಚಕ್ರವಿಲ್ಲ. ಹಗ್ಗಗಳಿಗೆ ಕಟ್ಟಿದ ಎರಡು ಬಳೆಗಳಿವೆ, ಅಷ್ಟೆ. ಎಡ ಬಳೆ ಎಳೆದರೆ ಮುಂದಿನ ರನ್ನರ್ ಕೂದಲೆಳೆಯಷ್ಟು ಎಡಕ್ಕೆ. ಹಿಂದಿನ ಮೂವರು ತಲೆ ತಗ್ಗಿಸಿ ಮುದುಡಿ ಕುಳಿತಿರುತ್ತಾರೆ, ಅವರಿಗೆ ದಾರಿಯೇ ಕಾಣುವುದಿಲ್ಲ. ಮೈಮೇಲೆ ಬೀಳುವ ಒತ್ತಡದಿಂದಲೇ ಈಗ ಎಷ್ಟನೆಯ ತಿರುವು ಎಂದು ಎಣಿಸುತ್ತಾರೆ. ಬ್ರೇಕ್ ಹಾಕುವುದು ಗೆರೆ ದಾಟಿದ ಮೇಲೆ ಮಾತ್ರ, ಏಕೆಂದರೆ ಬ್ರೇಕಿನ ಹಲ್ಲುಗಳು ಮಂಜುಗಡ್ಡೆಯನ್ನು ಉತ್ತುಬಿಡುತ್ತವೆ.

ಈ ವೇಗದಲ್ಲಿ, ಗಂಟೆಗೆ 130–150 ಕಿಲೋಮೀಟರ್‌ನಲ್ಲಿ, ತಿರುವಿನ ಗೋಡೆಯ ಬಾಗು ಸ್ವಲ್ಪ ತಪ್ಪಿದರೂ ಬಂಡಿ ಮಗುಚುತ್ತದೆ. ಆದ್ದರಿಂದ ಕಾಂಕ್ರೀಟಿನ ಒಳಗೆ ಕೊಳವೆಗಳನ್ನು ಹೆಣೆದು, ಅದರ ಮೇಲೆ ಕಾಂಕ್ರೀಟ್ ಸಿಂಪಡಿಸಿ, ಪ್ರತಿ ತಿರುವನ್ನೂ ಕೈಯಿಂದ ಸವರಿ ಹದಕ್ಕೆ ತರುತ್ತಾರೆ. ಕೊಳವೆಗಳಲ್ಲಿ ಶೀತಕ ಹರಿಯುತ್ತದೆ, ಕಾಂಕ್ರೀಟ್ ತಣ್ಣಗಾಗುತ್ತದೆ. ಆಮೇಲೆ ಕೆಲಸಗಾರರು ಪೈಪು ಹಿಡಿದು ನೀರನ್ನು ಮಂಜಿನ ಹನಿಯಂತೆ ಸಿಂಪಡಿಸುತ್ತಾರೆ. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕೆಲವು ಸೆಂಟಿಮೀಟರ್ ದಪ್ಪ ಬರಲು ದಿನಗಟ್ಟಲೆ ಹಿಡಿಯುತ್ತದೆ. ಕೊನೆಗೆ ಉದ್ದ ಹಿಡಿಯ ಕೆರೆಯುವ ಸಲಕರಣೆ ಹಿಡಿದು ಉಬ್ಬುತಗ್ಗು ತೆಗೆಯುತ್ತಾರೆ. ಒಂದೂಮುಕ್ಕಾಲು ಕಿಲೋಮೀಟರ್ ಉದ್ದಕ್ಕೂ ಇದೇ ಕೆಲಸ, ಬಿಸಿಲು ಬಂದರೆ ಮತ್ತೆ ಮೊದಲಿನಿಂದ. ಪದಕ ಕೊರಳಿಗೆ ಬೀಳುವುದು ಬಂಡಿಯವರಿಗೆ. ಆದರೆ ನನ್ನ ಮಟ್ಟಿಗೆ ಈ ಕ್ರೀಡೆಯ ಅತಿ ಸೂಕ್ಷ್ಮ ಕುಶಲಕರ್ಮಿಗಳು ಈ ಮಂಜುಗಡ್ಡೆ ಕಟ್ಟುವವರು.

ಕರಗುತ್ತಿದ್ದ ಟ್ರ್ಯಾಕ್, ಕರಗದ ಟ್ರ್ಯಾಕ್

ಈ ಆಟ ಹುಟ್ಟಿದಾಗ ಯಾವ ಕಾಂಕ್ರೀಟೂ ಇರಲಿಲ್ಲ. ಸ್ವಿಟ್ಜರ್ಲೆಂಡ್‌ನ ಸೇಂಟ್ ಮೊರಿಟ್ಜ್‌ನಲ್ಲಿ ಕಾಸ್ಪರ್ ಬಾಡ್ರುಟ್ ಎಂಬ ಹೋಟೆಲ್ ಮಾಲೀಕನ ಇಂಗ್ಲಿಷ್ ಅತಿಥಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರ ಬೀದಿಗಳಲ್ಲೇ ಜಾರುಬಂಡಿ ಓಡಿಸಿ ದಾರಿಹೋಕರಿಗೆ ಡಿಕ್ಕಿ ಹೊಡೆಯುತ್ತಿದ್ದರು. ಅವರಿಗಾಗಿ ಬೇರೆಯೇ ದಾರಿ ಮಾಡಿಕೊಡಬೇಕಾಯಿತು. 1897ರಲ್ಲಿ ಅಲ್ಲೇ ಮೊದಲ ಬಾಬ್‌ಸ್ಲೇ ಕ್ಲಬ್ ಹುಟ್ಟಿತು. 1904ರಿಂದ ಸೇಂಟ್ ಮೊರಿಟ್ಜ್–ಚೆಲೆರಿನಾ ಟ್ರ್ಯಾಕ್ ನಡೆಯುತ್ತಿದೆ. ಇಂದಿಗೂ ಅದು ಬರೀ ಹಿಮ ಮತ್ತು ನೀರಿನಿಂದ ಆದದ್ದು. ಪ್ರತಿ ಚಳಿಗಾಲದ ಆರಂಭದಲ್ಲಿ ಕೆಲಸಗಾರರ ಒಂದು ತಂಡ 1,722 ಮೀಟರ್ ಉದ್ದದ ಇಡೀ ಟ್ರ್ಯಾಕನ್ನು ಕೆಲವೇ ವಾರಗಳಲ್ಲಿ ಕೈಯಿಂದ ಕಟ್ಟುತ್ತದೆ. ವಸಂತ ಬಂದರೆ ಅದು ಕರಗಿ ಹರಿದುಹೋಗುತ್ತದೆ, ಗುಡ್ಡದಲ್ಲಿ ಹುಲ್ಲು ಮಾತ್ರ ಉಳಿಯುತ್ತದೆ. ಸಾಲವಿಲ್ಲ, ಪಾಳು ಕಟ್ಟಡವಿಲ್ಲ.

1923ರಲ್ಲಿ ಬಾಬ್‌ಸ್ಲೇಯ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. 1924ರ ಶಾಮೊನಿಯ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಬಾಬ್‌ಸ್ಲೇ ಇತ್ತು. 1932ರ ಲೇಕ್ ಪ್ಲಾಸಿಡ್‌ನಲ್ಲಿ ಇಬ್ಬರ ಬಂಡಿ ಸೇರಿತು. 1952ರ ಓಸ್ಲೋದಲ್ಲಿ ಜರ್ಮನಿಯವರು ತಮ್ಮಲ್ಲಿನ ಅತಿ ಭಾರದ ನಾಲ್ವರನ್ನು ಒಂದೇ ಬಂಡಿಯಲ್ಲಿ ಕೂರಿಸಿ ಚಿನ್ನ ಹೊಡೆದರು. ಭಾರ ಹೆಚ್ಚಿದಷ್ಟೂ ಇಳಿಜಾರಿನಲ್ಲಿ ವೇಗ ಹೆಚ್ಚು ಎಂಬ ಲೆಕ್ಕ ಅದು. ಅದರ ಬೆನ್ನಿಗೇ ತೂಕದ ಮಿತಿ ಬಂತು, ದಪ್ಪ ಮನುಷ್ಯರ ಕಾಲ ಮುಗಿದು ಓಟಗಾರರ ಕಾಲ ಶುರುವಾಯಿತು.

1960ರ ಘಟನೆಯನ್ನು ಮಾತ್ರ ಬೇಗ ದಾಟಿಹೋಗಬಾರದು. ಅಮೆರಿಕದ ಸ್ಕ್ವಾ ವ್ಯಾಲಿಯ ಸಂಘಟಕರು, ಬರುವ ದೇಶಗಳೇ ಬೆರಳೆಣಿಕೆಯಷ್ಟು, ಅವಕ್ಕಾಗಿ ಟ್ರ್ಯಾಕ್ ಕಟ್ಟುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಬಾಬ್‌ಸ್ಲೇ ಇಲ್ಲದೆ ನಡೆದ ಚಳಿಗಾಲದ ಒಲಿಂಪಿಕ್ಸ್ ಅದೊಂದೇ. ಮುಂಬೈಯಲ್ಲಿ ಕೇಳಿಬಂದ ಮಾತು ಹೊಸದಲ್ಲ. ಅರವತ್ತು ವರ್ಷಗಳ ಹಿಂದೆಯೇ ಈ ಕ್ರೀಡೆಯನ್ನು ಅದೇ ಪ್ರಶ್ನೆ ತಡೆದು ನಿಲ್ಲಿಸಿತ್ತು.

ಎಂಟು ವರ್ಷಗಳ ಬಳಿಕ, 1968ರಲ್ಲಿ, ಜರ್ಮನಿಯ ಕೋನಿಗ್ಸ್‌ಜೀಯಲ್ಲಿ ಕೃತಕವಾಗಿ ತಣಿಸುವ ಮೊದಲ ಕಾಂಕ್ರೀಟ್ ಟ್ರ್ಯಾಕ್ ತಲೆಯೆತ್ತಿತು. ಅಭ್ಯಾಸಕ್ಕೆ ಹವಾಮಾನ ಕಾಯಬೇಕಿಲ್ಲ, ಮೊದಲು ಇಳಿದವನಿಗೂ ಕೊನೆಗೆ ಇಳಿದವನಿಗೂ ಹೆಚ್ಚು ಕಡಿಮೆ ಒಂದೇ ಮಂಜುಗಡ್ಡೆ. ಕ್ರೀಡೆಯ ನ್ಯಾಯಕ್ಕೆ ಇದು ದೊಡ್ಡ ಲಾಭ, ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅಂದಿನಿಂದ ಟ್ರ್ಯಾಕ್ ಎಂದರೆ ಯಂತ್ರಾಗಾರ, ವಿದ್ಯುತ್ ಬಿಲ್ಲು, ಕಾಯಂ ಸಿಬ್ಬಂದಿ ಎಂದಾಯಿತು. ವಸಂತದಲ್ಲಿ ಕರಗಿಹೋಗುವ ಟ್ರ್ಯಾಕ್ ಯಾರ ಕೊರಳಿಗೂ ಉರುಳಾಗುವುದಿಲ್ಲ. ಕಾಂಕ್ರೀಟಿನದು ಆಗುತ್ತದೆ.

ಆದ ಉದಾಹರಣೆಗಳು ಸಾಲುಸಾಲಾಗಿವೆ. 1984ರ ಒಲಿಂಪಿಕ್ಸ್‌ಗೆ ಕಟ್ಟಿದ ಸರಾಯೆವೊದ ಟ್ರ್ಯಾಕ್ ಯುದ್ಧಕಾಲದಲ್ಲಿ ಫಿರಂಗಿ ನೆಲೆಯಾಯಿತು, ಈಗ ಕಾಡಿನ ನಡುವೆ ಬಣ್ಣದ ಗೀಚುಬರಹ ಹೊತ್ತ ಪಾಳು. ನಾಗಾನೊದಲ್ಲಿ 2018ರಲ್ಲಿ ಮಂಜುಗಡ್ಡೆ ಕಟ್ಟುವುದನ್ನೇ ನಿಲ್ಲಿಸಿದರು. ಜಮೈಕಾದ ತಂಡ ಮೊದಲ ಬಾರಿ ಇಳಿದು ಜಗತ್ತಿನ ಮನಸ್ಸು ಗೆದ್ದ ಕ್ಯಾಲ್ಗರಿಯ ಟ್ರ್ಯಾಕ್ ದುರಸ್ತಿಗೆ ಹಣ ಸಾಲದೆ 2019ರಲ್ಲಿ ಮುಚ್ಚಿತು. ಇಟಲಿಯ ಗಾಯ ಇನ್ನೂ ಹಸಿ. 2006ರ ಟ್ಯೂರಿನ್ ಒಲಿಂಪಿಕ್ಸ್‌ಗಾಗಿ ಚೆಝಾನಾದಲ್ಲಿ ಸುಮಾರು 11 ಕೋಟಿ ಯೂರೋ ಸುರಿದು ಕಟ್ಟಿದ ಟ್ರ್ಯಾಕ್‌ನಲ್ಲಿ 2011ರ ಲ್ಯೂಜ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅದಾದ ಮೇಲೆ ಅದು ಹೆಚ್ಚು ದಿನ ಬಾಳಲಿಲ್ಲ.

ಮೊಂಟಿಯ ಊರು

ಹಾಗಿದ್ದೂ ಇಟಲಿ ಮತ್ತೆ ಅದೇ ಕೆಲಸಕ್ಕೆ ಕೈಹಾಕಿದ್ದೇಕೆ? ಉತ್ತರದ ಅರ್ಧ ಭಾಗ ಒಬ್ಬ ಮನುಷ್ಯನಲ್ಲಿದೆ.

ಯೂಜೆನಿಯೊ ಮೊಂಟಿ 1928ರಲ್ಲಿ ಹುಟ್ಟಿದವರು. ಕೆಂಗೂದಲಿನ ಈ ವೇಗದ ಸ್ಕೀ ಪಟುವನ್ನು ಜನ ಹಾರುವ ಕೆಂಪ ಎಂದು ಕರೆಯುತ್ತಿದ್ದರು. ಮೊಣಕಾಲಿನ ಗಾಯದಿಂದ ಸ್ಕೀ ಬದುಕು ಮುಗಿದಾಗ ಬಾಬ್‌ಸ್ಲೇ ಹಿಡಿದರು. 1956ರ ಒಲಿಂಪಿಕ್ಸ್ ಕೊರ್ಟಿನಾದಲ್ಲೇ ನಡೆದಾಗ ಎರಡು ಬೆಳ್ಳಿ ಗೆದ್ದರು. ಆಮೇಲೆ ಒಂಬತ್ತು ವಿಶ್ವ ಪ್ರಶಸ್ತಿಗಳು ಬಂದವು. ಒಲಿಂಪಿಕ್ ಚಿನ್ನ ಮಾತ್ರ ಬರಲಿಲ್ಲ. 1960ರಲ್ಲಿ, ಅವರು ತಮ್ಮ ತುತ್ತತುದಿಯಲ್ಲಿದ್ದಾಗ, ಸ್ಕ್ವಾ ವ್ಯಾಲಿಯಲ್ಲಿ ಟ್ರ್ಯಾಕೇ ಇರಲಿಲ್ಲ!

1964ರ ಇನ್ಸ್‌ಬ್ರುಕ್‌. ಇಬ್ಬರ ಬಂಡಿಯ ಸ್ಪರ್ಧೆ. ಬ್ರಿಟನ್ನಿನ ಟೋನಿ ನ್ಯಾಶ್ ಮತ್ತು ರಾಬಿನ್ ಡಿಕ್ಸನ್ ಅವರ ಬಂಡಿಯ ಹಿಂದಿನ ಅಚ್ಚಿನ ಬೋಲ್ಟ್ ಮುರಿಯಿತು. ಬದಲಿ ಬೋಲ್ಟ್ ಅವರ ಬಳಿ ಇರಲಿಲ್ಲ. ಮೊಂಟಿ ತಮ್ಮ ಸರದಿ ಮುಗಿಸಿ, ತಮ್ಮದೇ ಬಂಡಿಯ ಬೋಲ್ಟ್ ಬಿಚ್ಚಿಸಿ ಎದುರಾಳಿಗಳಿಗೆ ಕೊಟ್ಟರು. ನ್ಯಾಶ್ ಮತ್ತು ಡಿಕ್ಸನ್ ಚಿನ್ನ ಗೆದ್ದರು, ಮೊಂಟಿಗೆ ಕಂಚು ಸಿಕ್ಕಿತು. ಇಟಲಿಯ ಪತ್ರಿಕೆಗಳು ಅವರನ್ನು ತರಾಟೆಗೆ ತೆಗೆದುಕೊಂಡವು. ನ್ಯಾಶ್ ಗೆದ್ದದ್ದು ಬೋಲ್ಟ್‌ನಿಂದಲ್ಲ, ಚೆನ್ನಾಗಿ ಓಡಿಸಿದ್ದರಿಂದ ಎಂಬುದು ಅವರ ಉತ್ತರವಾಗಿತ್ತು. ಕ್ರೀಡಾ ಮನೋಭಾವಕ್ಕಾಗಿ ಕೊಡುವ ಪಿಯರ್ ದ ಕೂಬರ್ತಾ ಪದಕದ ಮೊದಲ ಗೌರವ ಅವರಿಗೇ ಸಂದಿತು. ನಾಲ್ಕು ವರ್ಷಗಳ ನಂತರ, ನಲವತ್ತರ ವಯಸ್ಸಿನಲ್ಲಿ, ಗ್ರೆನೋಬಲ್ ಒಲಿಂಪಿಕ್ಸ್‌ನಲ್ಲಿ ಎರಡೂ ಚಿನ್ನ ಅವರ ಪಾಲಾದವು. ಇಬ್ಬರ ಬಂಡಿಯಲ್ಲಿ ಪಶ್ಚಿಮ ಜರ್ಮನಿಯ ಹೋರ್ಸ್ಟ್ ಫ್ಲೋತ್ ಅವರ ತಂಡದೊಂದಿಗೆ ಒಟ್ಟು ಸಮಯ ಸರಿಸಮವಾಗಿ, ಅತಿ ವೇಗದ ಒಂದು ಓಟದ ಲೆಕ್ಕದಲ್ಲಿ ಮೊಂಟಿಗೆ ಚಿನ್ನ ಒಲಿಯಿತು.

2003ರಲ್ಲಿ ಅವರು ತೀರಿಕೊಂಡ ಮೇಲೆ ಕೊರ್ಟಿನಾದ ಟ್ರ್ಯಾಕ್‌ಗೆ ಅವರ ಹೆಸರಿಟ್ಟರು. 2008ರಲ್ಲಿ ಅದೂ ಮುಚ್ಚಿತು. ಈ ಟ್ರ್ಯಾಕ್ ಬರೀ ಸಿಹಿ ನೆನಪುಗಳದ್ದಲ್ಲ. 1981ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಚಾಲಕ ಜೇಮ್ಸ್ ಮಾರ್ಗನ್ ಇಲ್ಲೇ ಪ್ರಾಣ ಕಳೆದುಕೊಂಡರು. ಹಳೆಯ ಟ್ರ್ಯಾಕ್‌ಗಳ ಬಗ್ಗೆ ಹಂಬಲದಿಂದ ಮಾತಾಡುವವರು ಇದನ್ನು ಮರೆಯಬಾರದು. ಇಂದಿನ ಎತ್ತರದ ಗೋಡೆ, ಲೆಕ್ಕ ಹಾಕಿದ ಬಾಗು, ಇವೆಲ್ಲ ಅಂಥ ಸಾವುಗಳಿಂದ ಕಲಿತದ್ದು.

ಅಂತೂ ಊರಿನ ಹೆಮ್ಮೆ, ಪಾಳು ಬಿದ್ದ ಟ್ರ್ಯಾಕ್, ಅದರ ಮೇಲೆ ಪ್ರೀತಿಯ ಹೆಸರು. 2026ರ ಒಲಿಂಪಿಕ್ಸ್‌ಗಾಗಿ ಮಿಲಾನ್–ಕೊರ್ಟಿನಾ ಬೇಡಿಕೆ ಸಲ್ಲಿಸಿದಾಗ ಈ ಟ್ರ್ಯಾಕನ್ನು ನವೀಕರಿಸುತ್ತೇವೆ ಎಂದು ಬರೆದುಕೊಟ್ಟದ್ದು ಸಹಜವೇ.

ಎದುರಿಗಿದ್ದ ದಾರಿಗಳು

2019ರ ಜೂನ್‌ನಲ್ಲಿ ಮತದಾನ ನಡೆದಾಗ ಎದುರಾಳಿಯಾಗಿದ್ದದ್ದು ಸ್ವೀಡನ್ನಿನ ಸ್ಟಾಕ್‌ಹೋಮ್–ಓರೆ. ಸ್ವೀಡನ್ನಿನವರಿಗೂ ಬಾಬ್‌ಸ್ಲೇ ಟ್ರ್ಯಾಕ್ ಇರಲಿಲ್ಲ. ಅವರು ಸಮುದ್ರದಾಚೆಯ ಲಾಟ್ವಿಯಾದ ಸಿಗುಲ್ಡಾ ಟ್ರ್ಯಾಕ್ ಬಳಸುತ್ತೇವೆ ಎಂದು ಮೊದಲೇ ಪ್ರಕಟಿಸಿದ್ದರು. ಆ ಯೋಜನೆ ಸೋತಿತು. ಸೋತದ್ದಕ್ಕೆ ಕಾರಣಗಳು ಹಲವು ಇರಬಹುದು. ಆದರೆ ಟ್ರ್ಯಾಕ್ ವಿಷಯದಲ್ಲಿ ಅದಕ್ಕಿಂತ ವಿವೇಕದ ಪ್ರಸ್ತಾಪವನ್ನು ನಾನು ಕಂಡಿಲ್ಲ.

ಗೆದ್ದ ಇಟಲಿಗೆ ಬೇಗನೆ ಒಂದು ಸತ್ಯ ಎದುರಾಯಿತು. ನವೀಕರಣ ಎಂಬ ಮಾತು ಕಾಗದದಲ್ಲಿ ಮಾತ್ರ. ಹಳೆಯ ಟ್ರ್ಯಾಕ್ ಇಂದಿನ ಸುರಕ್ಷತಾ ನಿಯಮಗಳಿಗೆ ಹೊಂದುವುದಿಲ್ಲ, ಅದನ್ನು ಕೆಡವಿ ಹೊಸದಾಗಿಯೇ ಕಟ್ಟಬೇಕು. 2023ರಲ್ಲಿ ಕೆಡವುವ ಕೆಲಸವೂ ಆಯಿತು. ಆದರೆ ಆ ಬೇಸಿಗೆಯ ಟೆಂಡರ್‌ಗೆ ಯಾವ ಕಂಪನಿಯೂ ಬರಲಿಲ್ಲ. ಬೆಲೆ ಏರಿತ್ತು, ಸಮಯ ಸಾಲದಾಗಿತ್ತು, ಗಡುವು ತಪ್ಪಿದರೆ ಇಡೀ ಜಗತ್ತಿನ ಮುಂದೆ ಹೆಸರು ಕೆಡುತ್ತಿತ್ತು.

ಆಗ ಮೇಜಿನ ಮೇಲೆ ಇದ್ದ ದಾರಿಗಳು ಇವು. ಗಡಿಯಾಚೆಗೆ ಹೋಗುವುದು: ಆಸ್ಟ್ರಿಯಾದ ಇನ್ಸ್‌ಬ್ರುಕ್ ಬಳಿಯ ಇಗ್ಲ್ಸ್ ಟ್ರ್ಯಾಕ್ ಕೊರ್ಟಿನಾದಿಂದ ಕೆಲವೇ ಗಂಟೆಗಳ ದಾರಿ, ಸೇಂಟ್ ಮೊರಿಟ್ಜ್ ಕೂಡ ಪಕ್ಕದ ದೇಶದಲ್ಲೇ ಇದೆ. ಇಲ್ಲವೇ ಚೆಝಾನಾಗೆ ಮರುಜೀವ ಕೊಡುವುದು, ಅದರ ಪರ ಪಿಯೆಮೊಂಟ್ ಪ್ರಾಂತ್ಯದವರು ನಿಂತರು. ಇಲ್ಲವೇ ಹಠ ಹಿಡಿದು ಕೊರ್ಟಿನಾದಲ್ಲೇ ಕಟ್ಟುವುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ನಿಲುವು ಸ್ಪಷ್ಟವಿತ್ತು. ಜಗತ್ತಿನಲ್ಲಿ ಈಗಿರುವ ಟ್ರ್ಯಾಕ್‌ಗಳೇ ಸಾಕು, ಮುಂದೆ ಹೇಗೆ ನಡೆಸುತ್ತೀರಿ ಎಂಬ ಗಟ್ಟಿ ಯೋಜನೆ ಇಲ್ಲದೆ ಹೊಸದನ್ನು ಕಟ್ಟಬೇಡಿ ಎಂದು ಅದು ಬಹಿರಂಗವಾಗಿಯೇ ಹೇಳಿತು.

ಇಟಲಿ ಸರ್ಕಾರ, ಮುಖ್ಯವಾಗಿ ಮೂಲಸೌಕರ್ಯ ಸಚಿವ ಮತ್ತೆಯೊ ಸಾಲ್ವಿನಿ, ಮೂರನೆಯ ದಾರಿಯನ್ನೇ ಹಿಡಿದರು. ನಮ್ಮ ಒಲಿಂಪಿಕ್ಸ್ ನಮ್ಮ ನೆಲದಲ್ಲೇ ಎಂಬುದು ಅವರ ವಾದದ ತಿರುಳು. 2024ರ ಜನವರಿಯಲ್ಲಿ ಪಾರ್ಮಾದ ಪಿಝರೊಟ್ಟಿ ಕಂಪನಿಯೊಂದೇ ಮುಂದೆ ಬಂತು. ಗುತ್ತಿಗೆಯ ಮೂಲ ಮೊತ್ತ 8.16 ಕೋಟಿ ಯೂರೋ, ಎಲ್ಲ ಸೇರಿ ಯೋಜನೆಯ ವೆಚ್ಚ ಸುಮಾರು 11.8 ಕೋಟಿ ಯೂರೋ. ಫೆಬ್ರವರಿ ಆರಂಭದಲ್ಲಿ ಸಹಿ ಬಿತ್ತು. 2025ರ ಮಾರ್ಚ್‌ಗೆ ಮೊದಲ ಪರೀಕ್ಷೆ ಆಗಬೇಕು ಎಂಬುದು ಷರತ್ತು. ಇಷ್ಟು ಕಡಿಮೆ ಅವಧಿಯಲ್ಲಿ ಇಂಥ ಟ್ರ್ಯಾಕ್ ಎಲ್ಲೂ ಮುಗಿದದ್ದಿಲ್ಲ ಎಂದು ಒಲಿಂಪಿಕ್ ಸಮಿತಿ ಎಚ್ಚರಿಸಿತು, ಎರಡನೆಯ ವ್ಯವಸ್ಥೆಯೊಂದು ಇರಲೇಬೇಕು ಎಂದು ಪಟ್ಟು ಹಿಡಿಯಿತು. ಕೊನೆಗೆ ಆ ಬದಲಿ ಜಾಗವೆಂದು ಹೆಸರಿಸಿದ್ದು ಅಟ್ಲಾಂಟಿಕ್ ಆಚೆಯ ಲೇಕ್ ಪ್ಲಾಸಿಡ್ ಅನ್ನು. ಕೆಲವೇ ಗಂಟೆಗಳ ದಾರಿಯಲ್ಲಿ ಇಗ್ಲ್ಸ್ ಇದ್ದಾಗ ಇನ್ನೊಂದು ಖಂಡವನ್ನು ಆರಿಸಿದ್ದು ನನಗೆ ಇಂದಿಗೂ ಜೀರ್ಣವಾಗಿಲ್ಲ.

ಹದಿನಾಲ್ಕು ತಿಂಗಳು

2024ರ ಫೆಬ್ರವರಿಯಲ್ಲೇ ಮರಗಳಿಗೆ ಕೊಡಲಿ ಬಿತ್ತು. ಟ್ರ್ಯಾಕ್ ಜಾಗದಲ್ಲಿದ್ದ ನೂರಾರು ಲಾರ್ಚ್ ಮರಗಳು ಉರುಳಿದವು. ಲಾರ್ಚ್ ಚಳಿಗಾಲಕ್ಕೆ ಎಲೆ ಉದುರಿಸುವ ಸೂಚಿಪರ್ಣಿ. ಶರತ್ಕಾಲದಲ್ಲಿ ಇಡೀ ಬೆಟ್ಟ ಬಂಗಾರದ ಬಣ್ಣಕ್ಕೆ ತಿರುಗುವುದು ಅದರಿಂದಲೇ. ಮರ ಕಡಿಯುವುದನ್ನು ವಿರೋಧಿಸಿ ಖ್ಯಾತ ಚೆಲ್ಲೊ ವಾದಕರೊಬ್ಬರು ಆ ಕಾಡಿನಲ್ಲೇ ಕುಳಿತು ನುಡಿಸಿದರು. ಪರಿಸರವಾದಿಗಳು ಸುಮ್ಮನೆ ಅಡ್ಡಗಾಲು ಹಾಕುತ್ತಿದ್ದಾರೆ ಎಂದು ಕ್ರೀಡಾಭಿಮಾನಿಗಳಲ್ಲಿ ಕೆಲವರು ಅಂದರು. ಆ ಮಾತು ನನಗೆ ಒಪ್ಪಿಗೆಯಿಲ್ಲ. ಆ ಕಾಡು ಅಲ್ಲಿನ ಜನರ ದಿನನಿತ್ಯದ ನೋಟ. ಅದನ್ನು ಕಳೆದುಕೊಳ್ಳುವವರು ದುಃಖಪಡುವುದು ನ್ಯಾಯ.

ಕಟ್ಟಿದವರ ಸಾಮರ್ಥ್ಯವನ್ನೂ ಅಷ್ಟೇ ಮನಸ್ಸಿನಿಂದ ಒಪ್ಪಬೇಕು. ಸುಮಾರು ಒಂದೂಮುಕ್ಕಾಲು ಕಿಲೋಮೀಟರ್ ಉದ್ದ, ಹದಿನಾರು ತಿರುವು, ಬೆಟ್ಟದ ಚಳಿ, ಹಿಮ ಬೀಳುವ ತಿಂಗಳುಗಳಲ್ಲೂ ನಿಲ್ಲದ ಕೆಲಸ. ಕಾಂಕ್ರೀಟ್ ಸಿಂಪಡಿಸುವುದು ಚಳಿಯಲ್ಲಿ ಸುಲಭವಲ್ಲ, ಒಮ್ಮೆ ಗಟ್ಟಿಯಾದ ಮೇಲೆ ತಿರುವಿನ ಆಕಾರ ತಿದ್ದುವಂತೆಯೂ ಇಲ್ಲ. 2025ರ ಮಾರ್ಚ್‌ನಲ್ಲಿ ಹಲವು ದೇಶಗಳ ಸ್ಪರ್ಧಿಗಳು ಬಂದಾಗ ಟ್ರ್ಯಾಕ್ ಮೇಲೆ ಮಂಜುಗಡ್ಡೆ ಸಿದ್ಧವಾಗಿತ್ತು. ಸುತ್ತಲಿನ ಕಟ್ಟಡಗಳ ಕೆಲಸ ಇನ್ನೂ ಬಾಕಿಯಿತ್ತು, ನಿಜ. ಆದರೆ ಬಂಡಿ ಜಾರಿತು.

ಹೊಸ ಟ್ರ್ಯಾಕ್‌ನ ಪರೀಕ್ಷೆಯಲ್ಲಿ ಯಾರೂ ಮೊದಲ ದಿನವೇ ತುದಿಯಿಂದ ಇಳಿಯುವುದಿಲ್ಲ. ಕೆಳಗಿನ ಕೆಲವು ತಿರುವುಗಳಿಂದ ಆರಂಭಿಸಿ ಮೆಲ್ಲಗೆ ಮೇಲಕ್ಕೆ ಹೋಗುತ್ತಾರೆ. ಪ್ರತಿ ಓಟದ ಬಳಿಕ ಚಾಲಕರು ಎಲ್ಲಿ ಬಂಡಿ ಎಳೆಯಿತು, ಎಲ್ಲಿ ಗೋಡೆ ದೂಡಿತು ಎಂದು ಹೇಳುತ್ತಾರೆ, ಮಂಜುಗಡ್ಡೆಯವರು ಅದನ್ನು ಕೆರೆದು ತುಂಬಿ ಸರಿಮಾಡುತ್ತಾರೆ. ಈ ಎಚ್ಚರಿಕೆಗೆ ಕಾರಣವಿದೆ. 2010ರ ಫೆಬ್ರವರಿ 12ರಂದು, ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯ ದಿನ, ವಿಸ್ಲರ್ ಟ್ರ್ಯಾಕ್‌ನಲ್ಲಿ ಅಭ್ಯಾಸ ಮಾಡುತ್ತಿದ್ದ ಜಾರ್ಜಿಯಾದ ಲ್ಯೂಜ್ ಪಟು ನೊಡಾರ್ ಕುಮಾರಿಟಾಶ್ವಿಲಿ ಸಾವನ್ನಪ್ಪಿದರು. ಅವರಿಗೆ ಇಪ್ಪತ್ತೊಂದು ವರ್ಷ. ಆ ಬಳಿಕ ಸೋಚಿಯಲ್ಲಿ ಕಟ್ಟಿದ ಟ್ರ್ಯಾಕ್‌ನಲ್ಲಿ ವೇಗ ತಗ್ಗಿಸಲು ಮೂರು ಕಡೆ ಏರು ಇಟ್ಟರು. ಇನ್ನೂ ವೇಗ, ಇನ್ನೂ ವೇಗ ಎಂಬ ಹುಚ್ಚು ಅಲ್ಲಿಗೆ ನಿಂತಿತು. ಮುಂದೆಯೂ ನಿಂತೇ ಇರಲಿ.

ಕೊರ್ಟಿನಾ ಆ ಪರೀಕ್ಷೆ ದಾಟಿತು. ಲೇಕ್ ಪ್ಲಾಸಿಡ್‌ಗೆ ಹೋಗುವ ಅಗತ್ಯ ಬೀಳಲಿಲ್ಲ. 2026ರ ಫೆಬ್ರವರಿಯಲ್ಲಿ ಮೂರೂ ಕ್ರೀಡೆಗಳ ಹನ್ನೆರಡು ಸ್ಪರ್ಧೆಗಳು ಅಲ್ಲೇ ನಡೆದವು.

ಸರಿಯಾಯಿತೇ?

ಗಡುವಿಗೆ ಮುಗಿಯಿತು ಎಂಬುದನ್ನೇ ಯಶಸ್ಸು ಎನ್ನುವವರಿದ್ದಾರೆ. ಎಂಜಿನಿಯರಿಂಗ್ ಮಟ್ಟಿಗೆ ಅದು ಯಶಸ್ಸೇ. ಆದರೆ 11.8 ಕೋಟಿ ಯೂರೋವನ್ನು ಹನ್ನೆರಡು ಸ್ಪರ್ಧೆಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 98 ಲಕ್ಷ ಯೂರೋ ಬೀಳುತ್ತದೆ. ಮುಂದೆ ಇಪ್ಪತ್ತು–ಮೂವತ್ತು ವರ್ಷ ಟ್ರ್ಯಾಕ್ ದುಡಿದರೆ ಮಾತ್ರ ಈ ಲೆಕ್ಕ ಬೇರೆ ರೂಪ ತಾಳುತ್ತದೆ. ಚೆಝಾನಾ ಬಾಳಿದ್ದು ಐದಾರು ವರ್ಷ.

ಕಟ್ಟಿದ್ದರ ಪರವಾಗಿ ಒಂದು ಗಟ್ಟಿ ವಾದವಿದೆ, ಅದನ್ನು ಅದರ ಪೂರ್ತಿ ತೂಕದಲ್ಲಿ ಇಡಬೇಕು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಾಬ್‌ಸ್ಲೇ, ಲ್ಯೂಜ್, ಸ್ಕೆಲಿಟನ್ ಸೇರಿ ಇದ್ದ ಹತ್ತು ಚಿನ್ನಗಳಲ್ಲಿ ಒಂಬತ್ತನ್ನು ಜರ್ಮನಿ ಬಾಚಿಕೊಂಡಿತು. ಅವರ ಫ್ರಾನ್ಸೆಸ್ಕೊ ಫ್ರೀಡ್ರಿಕ್ 2018ರಲ್ಲಿ ಮಾಡಿದಂತೆಯೇ ಇಬ್ಬರ ಮತ್ತು ನಾಲ್ವರ ಬಂಡಿ ಎರಡರಲ್ಲೂ ಗೆದ್ದರು. ಬರ್ಲಿನ್‌ನಲ್ಲಿ ಕ್ರೀಡಾ ಸಲಕರಣೆಗಳಿಗೆಂದೇ ಒಂದು ಸಂಶೋಧನಾ ಸಂಸ್ಥೆಯಿದೆ, ಪ್ರತಿಭೆಗೂ ಬರವಿಲ್ಲ. ಆದರೆ ಎಲ್ಲಕ್ಕಿಂತ ಮಿಗಿಲಾದುದು ಜರ್ಮನಿಯಲ್ಲಿ ಕಟ್ಟಿರುವ ನಾಲ್ಕು ಟ್ರ್ಯಾಕ್‌ಗಳು: ಆಲ್ಟೆನ್‌ಬರ್ಗ್, ವಿಂಟರ್‌ಬರ್ಗ್, ಓಬರ್‌ಹೋಫ್, ಕೋನಿಗ್ಸ್‌ಜೀ. ಅಲ್ಲಿನ ಮಗು ಶಾಲೆ ಮುಗಿಸಿ ಟ್ರ್ಯಾಕ್‌ಗೆ ಹೋಗಬಹುದು. ಚೆಝಾನಾ ಮುಚ್ಚಿದ ಮೇಲೆ ಇಟಲಿಯ ಮಗುವಿಗೆ ಅಂಥ ಅವಕಾಶ ಇರಲಿಲ್ಲ, ಅಭ್ಯಾಸಕ್ಕೆ ಗಡಿ ದಾಟಬೇಕಿತ್ತು. ಹತ್ತಿರದಲ್ಲಿ ಟ್ರ್ಯಾಕ್ ಇಲ್ಲದೆ ಚಾಲಕ ತಯಾರಾಗುವುದಿಲ್ಲ. ತಳ್ಳುವವರನ್ನು ಅಥ್ಲೆಟಿಕ್ಸ್‌ನಿಂದ ತರಬಹುದು. 2002ರಲ್ಲಿ ಮಹಿಳೆಯರ ಬಾಬ್‌ಸ್ಲೇ ಮೊದಲ ಬಾರಿ ಒಲಿಂಪಿಕ್ಸ್ ಸೇರಿದಾಗ ಜಿಲ್ ಬಕ್ಕನ್ ಜೊತೆ ಚಿನ್ನ ಗೆದ್ದ ವೊನೆಟಾ ಫ್ಲವರ್ಸ್ ಮೂಲತಃ ಓಟ ಮತ್ತು ಉದ್ದ ಜಿಗಿತದವರು. ಚಾಲನೆ ಮಾತ್ರ ನೂರಾರು ಇಳಿತಗಳಿಂದಲೇ ಬರಬೇಕು, ಅದಕ್ಕೆ ಅಡ್ಡದಾರಿಯಿಲ್ಲ.

ಆದರೂ ನನ್ನ ತೀರ್ಪು ಇದು: 2024ರ ಜನವರಿಯಲ್ಲಿ ಕಟ್ಟಲು ಹೊರಟದ್ದು ತಪ್ಪು. ಒಬ್ಬನೇ ಗುತ್ತಿಗೆದಾರ ಮುಂದೆ ಬಂದಾಗ ಬೆಲೆಯಲ್ಲಿ ಚೌಕಾಸಿಗೆ ಜಾಗವಿರುವುದಿಲ್ಲ. ಗಡುವು ಕತ್ತಿನ ಮೇಲೆ ಕುಳಿತಾಗ ಮುಂದಿನ ಮೂವತ್ತು ವರ್ಷ ನಡೆಸುವುದು ಹೇಗೆ ಎಂದು ಕೂತು ಯೋಚಿಸುವ ವ್ಯವಧಾನವೂ ಇರುವುದಿಲ್ಲ. ಇಟಲಿಗೆ ಟ್ರ್ಯಾಕ್ ಬೇಕೆಂದಿದ್ದರೆ 2019ರಲ್ಲೇ, ನವೀಕರಣ ಎಂಬ ಮುಸುಕು ಹಾಕದೆ, ಹೊಸದೇ ಕಟ್ಟುತ್ತೇವೆ, ಇಷ್ಟು ಖರ್ಚು, ನಡೆಸುವವರು ಇಂಥವರು ಎಂದು ಹೇಳಬೇಕಿತ್ತು. ಆಗ ಜನ ಒಪ್ಪುತ್ತಿದ್ದರೋ ಬಿಡುತ್ತಿದ್ದರೋ, ಕನಿಷ್ಠ ತಿಳಿದು ತೀರ್ಮಾನಿಸುತ್ತಿದ್ದರು.

ಮುಂದೆ

ಕೊರ್ಟಿನಾದ ಜಗ್ಗಾಟವನ್ನು ಜಗತ್ತೇ ನೋಡಿತು, ಅದರ ಪರಿಣಾಮ ಆಗಲೇ ಕಾಣುತ್ತಿದೆ. 2030ರ ಒಲಿಂಪಿಕ್ಸ್ ಫ್ರಾನ್ಸಿನ ಆಲ್ಪ್ಸ್‌ಗೆ ಸಿಕ್ಕಿದೆ. ಅಲ್ಲಿ 1992ರ ಆಲ್ಬರ್ಟ್‌ವಿಲ್ ಕೂಟಕ್ಕೆ ಕಟ್ಟಿದ ಲಾ ಪ್ಲಾನ್ ಟ್ರ್ಯಾಕ್ ಇದೆ. 2034 ಅಮೆರಿಕದ ಯೂಟಾಗೆ, ಅಲ್ಲಿ 2002ರ ಪಾರ್ಕ್ ಸಿಟಿ ಟ್ರ್ಯಾಕ್ ಇದೆ. ಕನಿಷ್ಠ ಎರಡು ಕೂಟಗಳಿಗೆ ಹೊಸ ಕಾಂಕ್ರೀಟ್ ಬೇಕಿಲ್ಲ. ಆಮೇಲೆ ಟ್ರ್ಯಾಕ್ ಇಲ್ಲದ ದೇಶವೊಂದು ಒಲಿಂಪಿಕ್ಸ್ ಪಡೆದರೆ ಸ್ವೀಡನ್ನಿನವರು ತೋರಿದ ಸಿಗುಲ್ಡಾದಂಥ ದಾರಿ ರೂಢಿಯಾಗಬೇಕು. ಪದಕದ ತೂಕ ಗಡಿಯಾಚೆ ಗೆದ್ದರೂ ಅಷ್ಟೇ.

ಇರುವ ಟ್ರ್ಯಾಕ್‌ಗಳೂ ಶಾಶ್ವತವಲ್ಲ. 2021ರ ಜುಲೈಯ ಪ್ರವಾಹದಲ್ಲಿ ಕೋನಿಗ್ಸ್‌ಜೀ ಟ್ರ್ಯಾಕ್‌ನ ಮೇಲ್ಭಾಗ ಕೆಸರು ಮತ್ತು ಬಂಡೆಗಳಡಿ ನಾಶವಾಯಿತು. ಕೃತಕ ಮಂಜುಗಡ್ಡೆಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಮೊದಲು ನೆಲೆ ಕೊಟ್ಟ ಟ್ರ್ಯಾಕ್ ಅದು. ಚಳಿ ಕಡಿಮೆಯಾಗುತ್ತಾ ಬಂದಂತೆ ತಣಿಸುವ ಖರ್ಚು ಏರುತ್ತದೆ, ಸೇಂಟ್ ಮೊರಿಟ್ಜ್‌ನಂಥ ನೈಸರ್ಗಿಕ ಟ್ರ್ಯಾಕ್‌ನ ಋತುವೂ ಕುಗ್ಗುತ್ತದೆ.

ಬಂಡಿಯ ಕಡೆಯಿಂದ ಬಂದ ಒಳ್ಳೆಯ ಬೆಳವಣಿಗೆ ಎಂದರೆ ಮಹಿಳೆಯರ ಏಕವ್ಯಕ್ತಿ ಬಂಡಿ, ಮೊನೊಬಾಬ್. 2022ರಲ್ಲಿ ಒಲಿಂಪಿಕ್ಸ್ ಸೇರಿದ ಈ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ಮಾದರಿಯ ಬಂಡಿ. ಸಂಶೋಧನಾಲಯಕ್ಕೆ ಹಣ ಸುರಿದು ಗೆಲ್ಲುವ ದಾರಿ ಇಲ್ಲಿ ಮುಚ್ಚಿದೆ. ಮೊದಲ ಚಿನ್ನ ಗೆದ್ದದ್ದು ಅಮೆರಿಕದ ಕೇಲಿ ಹಂಫ್ರೀಸ್, ಬೆಳ್ಳಿ ಅದೇ ದೇಶದ ಎಲಾನಾ ಮೇಯರ್ಸ್ ಟೇಲರ್ ಅವರದು. ಬೀಜಿಂಗ್‌ನ ಹತ್ತು ಚಿನ್ನಗಳಲ್ಲಿ ಜರ್ಮನಿಯ ಕೈತಪ್ಪಿದ್ದು ಇದೊಂದೇ ಎಂಬುದನ್ನು ಕಾಕತಾಳೀಯ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಣ್ಣ ದೇಶವೊಂದು ತಂಡ ಕಟ್ಟುವುದು ಕಷ್ಟ, ಒಬ್ಬಳನ್ನು ತಯಾರು ಮಾಡುವುದು ಸಾಧ್ಯ. ಇಬ್ಬರ ಮತ್ತು ನಾಲ್ವರ ಬಂಡಿಗಳಲ್ಲೂ ಸಲಕರಣೆಯ ಅಂತರ ತಗ್ಗಿಸುವ ನಿಯಮಗಳು ಬಿಗಿಯಾಗಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಕೊರ್ಟಿನಾಗೆ ಮರಳಿದರೆ, ಟ್ರ್ಯಾಕ್ ಈಗ ಇದೆ, ಕಡಿದ ಮರಗಳು ಮರಳಿ ಬರುವುದಿಲ್ಲ. ಹಾಗಾಗಿ ಕಟ್ಟುವುದನ್ನು ವಿರೋಧಿಸಿದವರೂ ಅದು ಬಾಳಲಿ ಎಂದೇ ಬಯಸಬೇಕಾದ ಸ್ಥಿತಿ ಇದು. ಮುಂದಿನ ಚಳಿಗಾಲಗಳಲ್ಲಿ ನಾನು ಕಣ್ಣಿಟ್ಟು ನೋಡುವುದು ವಿಶ್ವಕಪ್ ಫಲಿತಾಂಶಗಳನ್ನಲ್ಲ. ವರ್ಷಕ್ಕೆ ಎಷ್ಟು ದಿನ ಆ ಟ್ರ್ಯಾಕ್ ಮೇಲೆ ಮಂಜುಗಡ್ಡೆ ಇರುತ್ತದೆ, ತಮ್ಮದೇ ಟ್ರ್ಯಾಕ್ ಇಲ್ಲದ ದೇಶಗಳ ತಂಡಗಳಿಗೆ ಅದನ್ನು ಯಾವ ದರಕ್ಕೆ ಬಿಟ್ಟುಕೊಡುತ್ತಾರೆ, ತಣಿಸುವ ಯಂತ್ರದ ವಿದ್ಯುತ್ ಬಿಲ್ಲನ್ನು ಊರಿನ ಪುರಸಭೆ ಕಟ್ಟುತ್ತದೆಯೋ ಪ್ರಾಂತ್ಯವೋ ಕೇಂದ್ರ ಸರ್ಕಾರವೋ, ಕೆಳಗಿನ ತಿರುವುಗಳ ಆರಂಭದ ಕಟ್ಟೆಯಲ್ಲಿ ಊರಿನ ಎಷ್ಟು ಮಕ್ಕಳು ಹೆಲ್ಮೆಟ್ ತೊಟ್ಟು ಸರದಿ ಕಾಯುತ್ತಿರುತ್ತಾರೆ ಎಂಬುದನ್ನು.